ಹಳೆಯ ಓಮ್ನಿ: ಮನೆಯಂಗಳದಲ್ಲೇ ಆರೈಕೆ, ಮನೆಯಂಗಳದಲ್ಲೇ ರಿಪೇರಿ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಯಾವ ಊರಿಗೆ ಹೋದರೂ ಒಂದೆರಡು ಮಾರುತಿ ಓಮ್ನಿ ಕಣ್ಣಿಗೆ ಬಿದ್ದೇ ಬೀಳುತ್ತವೆ. ಶಿರಾಳಕೊಪ್ಪದ ಸಂತೆಗೆ ತರಕಾರಿ ಮೂಟೆ ಒಯ್ಯುವುದಕ್ಕೆ ಅದೇ, ರಾತ್ರೋರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಆಸ್ಪತ್ರೆಗೆ ಓಡುವುದಕ್ಕೂ ಅದೇ, ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೋಗುವುದಕ್ಕೂ ಅದೇ. ಮಾರುತಿ ಕಂಪನಿ 1984ರಲ್ಲಿ ‘ವ್ಯಾನ್’ ಎಂಬ ಹೆಸರಿನಲ್ಲೇ ಇದನ್ನು ರಸ್ತೆಗಿಳಿಸಿತು. 1988ರಲ್ಲಿ ಓಮ್ನಿ ಎಂದು ಹೆಸರಾಯಿತು. ಹೊಸ ಸುರಕ್ಷತಾ ನಿಯಮಗಳು ಬಂದಾಗ, 2019ರಲ್ಲಿ ತಯಾರಿಕೆ ನಿಂತಿತು. ಅಂದರೆ ಇಂದು ಓಡುತ್ತಿರುವ ಪ್ರತಿಯೊಂದು ಓಮ್ನಿಯೂ ವಯಸ್ಸಾದ ಗಾಡಿ. ಹೊಸದು ಸಿಗುವುದಿಲ್ಲ, ಇರುವುದನ್ನೇ ಉಳಿಸಿಕೊಳ್ಳಬೇಕು.

ಉಳಿಸಿಕೊಳ್ಳಲು ಸಾಧ್ಯವೇ? ಖಂಡಿತ ಸಾಧ್ಯ. 796 ಸಿಸಿಯ ಮೂರು ಸಿಲಿಂಡರಿನ ಇದರ ಎಂಜಿನ್ ಮಾರುತಿ 800 ಕಾರಿನ ಎಂಜಿನ್ನಿನ ಕುಟುಂಬದ್ದೇ. ಬಿಡಿಭಾಗ ಸಿಗುತ್ತದೆ, ಕೆಲಸ ಬಲ್ಲ ಮೇಸ್ತ್ರಿಗಳು ಊರೂರಿಗೂ ಇದ್ದಾರೆ. ನಮ್ಮ ಕಡೆ ಓಮ್ನಿಗಳು ಎಂಜಿನ್ ಕೆಟ್ಟು ಮೂಲೆ ಸೇರುವುದು ಕಡಿಮೆ. ಅವನ್ನು ಕೊಲ್ಲುವುದು ನೀರು, ಕೆಸರು, ತುಕ್ಕು ಮತ್ತು ‘ಮುಂದಿನ ತಿಂಗಳು ನೋಡೋಣ’ ಎಂಬ ಮಾತು. ಈ ನಾಲ್ಕನ್ನೂ ಮನೆಯ ಅಂಗಳದಲ್ಲೇ ತಡೆಯಬಹುದು. ಹೇಗೆ ಎಂಬುದೇ ಈ ಲೇಖನ.

ಮಳೆಯನ್ನು ನೋಡಿ ಕೆಲಸ ಹಂಚಿಕೊಳ್ಳಿ

ಸೊರಬದ ಪಶ್ಚಿಮಕ್ಕೆ ಹೋದಂತೆ ಮಲೆನಾಡಿನ ಮಳೆ, ಶಿಕಾರಿಪುರದ ಪೂರ್ವಕ್ಕೆ ಹೋದಂತೆ ಬಯಲುಸೀಮೆಯ ದೂಳು. ನಡುವೆ ಇರುವುದು ಅರೆಮಲೆನಾಡು. ಇಲ್ಲಿನ ವ್ಯಾನು ವರ್ಷದಲ್ಲಿ ನಾಲ್ಕು ತಿಂಗಳು ಕೆಂಪು ಕೆಸರಿನಲ್ಲಿ, ಉಳಿದ ಕಾಲ ಕೆಂಪು ದೂಳಿನಲ್ಲಿ ಓಡುತ್ತದೆ. ಕೆಸರು ಕಬ್ಬಿಣವನ್ನು ತಿನ್ನುತ್ತದೆ, ದೂಳು ಏರ್ ಫಿಲ್ಟರನ್ನು ಕಟ್ಟಿಸುತ್ತದೆ.

ಹೀಗಾಗಿ ದೊಡ್ಡ ಕೆಲಸಗಳನ್ನು ವರ್ಷಕ್ಕೆ ಎರಡು ಸಲ ಇಟ್ಟುಕೊಳ್ಳುವುದು ಒಳ್ಳೆಯದು. ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲು: ತುಕ್ಕಿನ ಕೆಲಸ, ಬ್ರೇಕು, ವೈಪರ್, ಟೈರು, ಬಾಗಿಲಿನ ರಬ್ಬರು. ಮಳೆ ಬಿಟ್ಟ ಮೇಲೆ, ಮೆಕ್ಕೆಜೋಳದ ಕಟಾವು ಮತ್ತು ಅಡಿಕೆ ಕೊಯ್ಲಿನ ಓಡಾಟ ಶುರುವಾಗುವ ಮುನ್ನ: ಆಯಿಲ್, ಏರ್ ಫಿಲ್ಟರ್, ಅಡಿಭಾಗದ ತೊಳೆತ, ಬೇರಿಂಗ್ ಮತ್ತು ಕಮಾನು ಪಟ್ಟಿಗಳ ತಪಾಸಣೆ. ಉಳಿದದ್ದು ವಾರಕ್ಕೊಮ್ಮೆ ಹತ್ತು ನಿಮಿಷದ ನೋಟ.

ಗಾಡಿಯ ರಚನೆ ಗೊತ್ತಿರಲಿ

ಓಮ್ನಿಗೆ ಕಾರಿನಂತೆ ಮುಂದೆ ಬಾನೆಟ್ಟಿನೊಳಗೆ ಎಂಜಿನ್ ಇಲ್ಲ. ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಸೀಟು ಎತ್ತಿದರೆ ಎಂಜಿನ್ನು ಕಾಣುತ್ತದೆ. ಅಲ್ಲಿಂದ ಹೊರಡುವ ಶಕ್ತಿ ಗೇರ್ ಬಾಕ್ಸ್ ದಾಟಿ, ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಹೌಸಿಂಗಿಗೆ ಬಂದು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಹಿಂದೆ ಕಮಾನು ಪಟ್ಟಿಗಳಿರುವುದರಿಂದಲೇ ಮೂಟೆ ಹೊರುವ ತಾಕತ್ತು.

ಈ ರಚನೆಯಿಂದ ಎರಡು ಮಾತು ತಿಳಿಯುತ್ತದೆ. ಮೊದಲನೆಯದು, ಪೆಟ್ರೋಲ್ ಸೋರಿದರೂ ಆಯಿಲ್ ಸುಟ್ಟರೂ ಅದು ಕೂತವರ ಕಾಲ ಬುಡದಲ್ಲೇ ಆಗುತ್ತದೆ. ವಾಸನೆ ಬಂದ ಕೂಡಲೇ ಗಾಡಿ ನಿಲ್ಲಿಸಬೇಕು. ಎರಡನೆಯದು, ಎಂಜಿನ್ನಿನ ಸುತ್ತ ಜಾಗ ಕಡಿಮೆ, ಬಿಸಿ ಹೆಚ್ಚು. ಹೀಗಾಗಿ ರಬ್ಬರ್ ಪೈಪುಗಳು, ವೈರುಗಳು ಬೇಗ ಒಣಗಿ ಬಿರುಕು ಬಿಡುತ್ತವೆ. ಹಳೆಯ ಓಮ್ನಿಯಲ್ಲಿ ವರ್ಷಕ್ಕೊಮ್ಮೆ ಪ್ರತಿ ಪೈಪನ್ನೂ ಕೈಯಿಂದ ಹಿಂಡಿ ನೋಡಬೇಕು. ಗಟ್ಟಿಯಾಗಿದ್ದರೆ, ಬಗ್ಗಿಸಿದಾಗ ಬಿರುಕು ಕಂಡರೆ ಬದಲಾಯಿಸಿ. ಕೆಲವು ನೂರು ರೂಪಾಯಿಯ ಪೈಪು ಉಳಿಸಲು ಹೋಗಿ ಗಾಡಿಯನ್ನೇ ಬೆಂಕಿಗೆ ಕೊಡಬಾರದು.

ಸಾಮಾನು ಮತ್ತು ಸುರಕ್ಷತೆ

ಮನೆಯಲ್ಲಿ ಇರಬೇಕಾದದ್ದು ಇಷ್ಟು: 8ರಿಂದ 19ರವರೆಗಿನ ರಿಂಗ್ ಮತ್ತು ಫಿಕ್ಸ್ ಪಾನಾ ಸೆಟ್ಟು, ವೀಲ್ ಪಾನಾ, ಪ್ಲಗ್ ಪಾನಾ, ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್, ತಂತಿ ಬ್ರಷ್ಷು, ಟೈರಿನ ಗಾಳಿ ಅಳೆಯುವ ಗೇಜ್, ಒಂದು ಮಲ್ಟಿಮೀಟರ್, ಒಳ್ಳೆಯ ಜಾಕ್ ಮತ್ತು ಎರಡು ಜಾಕ್ ಸ್ಟ್ಯಾಂಡ್.

ಜಾಕ್ ಸ್ಟ್ಯಾಂಡ್ ಬಗ್ಗೆ ರಾಜಿ ಬೇಡ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಹಾಕಬೇಡಿ. ನಮ್ಮ ಅಂಗಳಗಳ ಮಣ್ಣು ಮೆದು. ಮಳೆಗಾಲದಲ್ಲಂತೂ ಜಾಕ್ ಹೂತುಹೋಗುತ್ತದೆ. ಜಾಕಿನ ಕೆಳಗೆ, ಸ್ಟ್ಯಾಂಡಿನ ಕೆಳಗೆ ಅಗಲವಾದ ದಪ್ಪ ಹಲಗೆ ಇಡಿ. ನೆಲದಲ್ಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಕೊಡಿ. ಇಟ್ಟಿಗೆಯನ್ನು ಮಾತ್ರ ಆಧಾರವಾಗಿ ಬಳಸಬೇಡಿ, ಅದು ಎಚ್ಚರಿಕೆ ಕೊಡದೆ ಒಡೆಯುತ್ತದೆ. ವೈರಿಂಗ್, ಪೆಟ್ರೋಲ್, ವೆಲ್ಡಿಂಗ್ ಯಾವುದೇ ಕೆಲಸವಿರಲಿ, ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ.

ತುಕ್ಕು: ನಿಜವಾದ ಶತ್ರು

ತುಕ್ಕು ಹೊರಗೆ ಕಾಣುವ ಹೊತ್ತಿಗೆ ಒಳಗೆ ಅರ್ಧ ಕೆಲಸ ಮುಗಿಸಿರುತ್ತದೆ. ಎಲ್ಲಿ ಹುಡುಕಬೇಕು? ಜಾರು ಬಾಗಿಲಿನ ಕೆಳಗಿನ ಹಳಿ ಮತ್ತು ಅದರ ಪಕ್ಕದ ಮೆಟ್ಟಿಲು, ಮುಂದಿನ ಮ್ಯಾಟಿನ ಅಡಿ, ಚಕ್ರದ ಕಮಾನಿನ ಒಳಭಾಗ, ಮುಂದಿನ ಗಾಜಿನ ರಬ್ಬರಿನ ಸುತ್ತ, ಹಿಂದಿನ ಡಿಕ್ಕಿ ಬಾಗಿಲಿನ ಕೆಳ ಅಂಚು, ಎಲ್ಲಕ್ಕಿಂತ ಮುಖ್ಯವಾಗಿ ಕಮಾನು ಪಟ್ಟಿಗಳು ಬಾಡಿಗೆ ಸೇರುವ ಬ್ರಾಕೆಟ್ಟು ಮತ್ತು ಅಡಿಯ ಉದ್ದ ತೊಲೆಗಳು.

ಜಾರು ಬಾಗಿಲಿನ ಹಳಿಯನ್ನು ಒಮ್ಮೆ ಬಗ್ಗಿ ಹತ್ತಿರದಿಂದ ನೋಡಿ. ಒಣಗಿದ ಕೆಸರು, ಹುಲ್ಲಿನ ಕಡ್ಡಿ, ಎರಡು ಮೂರು ಕಾಳು ಮೆಕ್ಕೆಜೋಳ, ಹಳೆಯ ಗ್ರೀಸು ಎಲ್ಲ ಸೇರಿ ಕಪ್ಪು ಅಂಟಾಗಿ ಕೂತಿರುತ್ತದೆ. ಅದರೊಳಗೆ ತೇವ ವಾರಗಟ್ಟಲೆ ಆರುವುದಿಲ್ಲ. ಬಾಗಿಲು ಬಿಗಿಯಾಯಿತೆಂದು ಜನ ಇನ್ನಷ್ಟು ಗ್ರೀಸ್ ಬಳಿಯುತ್ತಾರೆ, ಅದಕ್ಕೆ ಇನ್ನಷ್ಟು ಮಣ್ಣು ಹಿಡಿಯುತ್ತದೆ. ಸರಿಯಾದ ಕ್ರಮ ಬೇರೆ. ಹಳಿಯನ್ನು ಸ್ಕ್ರೂ ಡ್ರೈವರಿನಿಂದ ಕೆರೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಎಣ್ಣೆಯೋ ಡೀಸೆಲ್ಲೋ ಹಚ್ಚಿ ಉಜ್ಜಿ, ಬಟ್ಟೆಯಿಂದ ಒರೆಸಿ ಒಣಗಿಸಿ. ರೋಲರ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಅದನ್ನೇ ಬದಲಿಸಿ. ರೋಲರಿಗೆ ಮಾತ್ರ ತೆಳುವಾಗಿ ಗ್ರೀಸ್ ಹಾಕಿ, ಹಳಿಯನ್ನು ಒಣದಾಗಿಯೇ ಬಿಡಿ.

ಬಾಗಿಲುಗಳ ಕೆಳ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಗಾಜಿನ ಪಕ್ಕದಿಂದ ಇಳಿದ ಮಳೆನೀರು ಹೊರಹೋಗುವ ದಾರಿ ಅದು. ಮಣ್ಣು ಕಟ್ಟಿದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕಡ್ಡಿ ಹಾಕಿ ಬಿಡಿಸಿ. ಪೇಂಟ್ ಮಾಡಿಸುವಾಗ ಆ ತೂತು ಮುಚ್ಚದಂತೆ ಎದುರು ನಿಂತು ನೋಡಿಕೊಳ್ಳಿ.

ನಮ್ಮ ಕಡೆಯ ಇನ್ನೊಂದು ಕಾರಣವನ್ನು ಯಾರೂ ಗಮನಿಸುವುದಿಲ್ಲ: ಗೊಬ್ಬರದ ಚೀಲ. ಯೂರಿಯಾ, ಪೊಟ್ಯಾಷ್ ಮೂಟೆಗಳನ್ನು ವ್ಯಾನಿನಲ್ಲಿ ತರುವುದು ಮಾಮೂಲು. ಚೀಲದಿಂದ ಉದುರಿದ ಹರಳು ಉಪ್ಪಿನಂಥದು. ತೇವ ಹೀರಿಕೊಂಡು ತಗಡನ್ನು ಬೇಗ ತಿನ್ನುತ್ತದೆ. ಗೊಬ್ಬರ ತರುವ ದಿನ ಕೆಳಗೆ ದಪ್ಪ ಟಾರ್ಪಾಲು ಹಾಸಿ, ಇಳಿಸಿದ ದಿನವೇ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಗಿಲು ತೆರೆದಿಟ್ಟು ಒಣಗಿಸಿ. ಕೊಟ್ಟಿಗೆಯ ಪಕ್ಕ ಗಂಜಲ ಹರಿಯುವ ಕಡೆ ಗಾಡಿ ನಿಲ್ಲಿಸುವುದೂ ಇದೇ ಕಾರಣಕ್ಕೆ ಕೆಟ್ಟದ್ದು.

ತುಕ್ಕು ಕಂಡಾಗ ಮೊದಲು ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಸಪ್ಪೆಯಾಗಿ ಡಬ್ ಎನ್ನುತ್ತದೆ. ತಗಡು ಗಟ್ಟಿಯಿದ್ದರೆ ಮನೆಯಲ್ಲೇ ಮಾಡಬಹುದಾದ ಕೆಲಸದ ಸಾಲು ಹೀಗೆ. ಕೆಸರು ತೊಳೆದು ಒಂದೆರಡು ಬಿಸಿಲು ಒಣಗಿಸಿ. ತಂತಿ ಬ್ರಷ್ಷಿನಿಂದ, ಆಮೇಲೆ 80ನೇ ನಂಬರಿನ ಉಪ್ಪುಕಾಗದದಿಂದ ಉಜ್ಜಿ ಹೊಳೆಯುವ ಲೋಹ ಕಾಣಿಸಿ. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಅದರ ಮೇಲೆ ರೆಡ್ ಆಕ್ಸೈಡ್ ಅಥವಾ ಎಪಾಕ್ಸಿ ಪ್ರೈಮರ್ ಎರಡು ಕೈ, ಬಳಿಕ ಬಣ್ಣ. ಗಾಡಿಯ ಅಡಿಭಾಗವಾದರೆ ಬಣ್ಣದ ಮೇಲೆ ರಬ್ಬರಿನಂಥ ಅಂಡರ್ ಬಾಡಿ ಕೋಟಿಂಗ್. ತುಕ್ಕಿನ ಮೇಲೆಯೇ ಕೋಟಿಂಗ್ ಬಳಿದರೆ ಒಳಗೆ ತೇವ ಸಿಕ್ಕಿಕೊಂಡು ಮೊದಲಿಗಿಂತ ಬೇಗ ಕೊಳೆಯುತ್ತದೆ.

ಸುಟ್ಟ ಎಂಜಿನ್ ಆಯಿಲನ್ನು ಗಾಡಿಯ ಅಡಿಗೆ ಬಳಿಯುವ ರೂಢಿ ಇದೆ. ಬೇಡ. ಅದು ಬ್ರೇಕ್ ಹೋಸ್ ಮತ್ತು ರಬ್ಬರ್ ಬುಷ್‌ಗಳನ್ನು ಊದಿಸಿ ಮೆತ್ತಗೆ ಮಾಡುತ್ತದೆ, ದೂಳು ಹಿಡಿಯುತ್ತದೆ, ಮೊದಲ ಮಳೆಗೆ ತೊಳೆದು ಬಾವಿ ತೋಟಕ್ಕೆ ಸೇರುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನು ಮೈಗೆ ಅಂಟುವಂತೆ ಹೊದಿಸುವುದೂ ಬೇಡ. ನಾಲ್ಕು ಕಂಬದ ಮೇಲೆ ಶೀಟು ಹಾಕಿ ಗಾಳಿಯಾಡಲು ಬಿಟ್ಟರೆ ಸಾಕು. ಮಳೆಗಾಲ ಮುಗಿಯುವವರೆಗೆ ಒಳಗಿನ ಮ್ಯಾಟುಗಳನ್ನು ತೆಗೆದೇ ಓಡಿಸಿ.

ಬ್ರೇಕು: ಮೊದಲ ಖರ್ಚು ಇದಕ್ಕೇ

ಹಣ ಕಡಿಮೆ ಇದ್ದು ಒಂದೇ ಕೆಲಸ ಮಾಡಿಸಬೇಕೆಂದರೆ ಅದು ಬ್ರೇಕಿನದೇ ಆಗಿರಬೇಕು. ಪೆಡಲ್ ಮೊದಲ ಒತ್ತಿಗೆ ಕೆಳಗೆ ಹೋಗಿ, ಎರಡು ಸಲ ಪಂಪ್ ಹೊಡೆದ ಮೇಲೆ ಮೇಲೆ ಬರುತ್ತಿದ್ದರೆ ಲೈನರ್ ಸವೆದಿದೆ, ಅಡ್ಜಸ್ಟ್‌ಮೆಂಟ್ ತಪ್ಪಿದೆ ಅಥವಾ ಪೈಪಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿದೆ. ಗಾಡಿ ಒಂದು ಪಕ್ಕಕ್ಕೆ ಎಳೆದರೆ ಆಚೆ ಪಕ್ಕದ ಬ್ರೇಕು ಹಿಡಿಯುತ್ತಿಲ್ಲ.

ಹಿಂದಿನ ಡ್ರಮ್ ಬಿಚ್ಚಿ ನೋಡುವುದನ್ನು ಮನೆಯಲ್ಲೇ ಕಲಿಯಬಹುದು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಎತ್ತಿ ಸ್ಟ್ಯಾಂಡ್ ಕೊಡಿ. ಹ್ಯಾಂಡ್ ಬ್ರೇಕ್ ಬಿಟ್ಟು ಡ್ರಮ್ ಎಳೆಯಿರಿ. ಬಾರದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ. ಡ್ರಮ್ಮಿನ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಕಂಡರೆ ಅದಕ್ಕೆ ಹೊಂದುವ ಬೋಲ್ಟನ್ನು ಎರಡೂ ಕಡೆ ಸಮನಾಗಿ ಬಿಗಿಯುತ್ತಾ ಹೋಗಿ. ಡ್ರಮ್ ತಾನಾಗಿ ಹೊರಗೆ ಬರುತ್ತದೆ.

ಒಳಗೆ ಕಪ್ಪು ಪುಡಿ ತುಂಬಿರುತ್ತದೆ. ಅದನ್ನು ಬಾಯಿಂದ ಊದಬೇಡಿ, ಗಾಳಿ ಹೊಡೆಯಬೇಡಿ. ಹಳೆಯ ಲೈನರಿನ ಪುಡಿ ಶ್ವಾಸಕೋಶಕ್ಕೆ ಅಪಾಯ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ. ಈಗ ಮೂರನ್ನು ನೋಡಿ. ಲೈನರ್ ಎಷ್ಟು ದಪ್ಪ ಉಳಿದಿದೆ, ರಿವೆಟ್ಟಿನ ತಲೆ ಡ್ರಮ್ಮಿಗೆ ತಾಗುವಷ್ಟು ಸವೆದಿದೆಯೇ? ಮೇಲಿರುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಉಗುರಿನಿಂದ ಸ್ವಲ್ಪ ಎತ್ತಿದರೆ ಒಳಗೆ ಒಣಗಿದೆಯೇ, ಒದ್ದೆಯಾಗಿದೆಯೇ? ಒದ್ದೆಯಿದ್ದರೆ ಬ್ರೇಕ್ ಆಯಿಲ್ ಸೋರುತ್ತಿದೆ. ಇಡೀ ಲೈನರೇ ಎಣ್ಣೆಯಲ್ಲಿ ನೆನೆದು ಗೇರ್ ಆಯಿಲಿನ ವಾಸನೆ ಬಂದರೆ ಆಕ್ಸಲ್ಲಿನ ಆಯಿಲ್ ಸೀಲ್ ಹೋಗಿದೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕುವುದು ತಪ್ಪು. ಎರಡೂ ಪಕ್ಕದ್ದನ್ನು ಒಟ್ಟಿಗೇ ಬದಲಿಸಿ.

ಸ್ಪ್ರಿಂಗುಗಳನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಂದು ಪಕ್ಕ ಪೂರ್ತಿ ಮುಗಿಯುವವರೆಗೆ ಇನ್ನೊಂದು ಪಕ್ಕವನ್ನು ಮುಟ್ಟಬೇಡಿ. ಯಾವ ಸ್ಪ್ರಿಂಗ್ ಎಲ್ಲಿ ಎಂಬ ಅನುಮಾನ ಬಂದರೆ ಆ ಪಕ್ಕವೇ ಉತ್ತರ ಹೇಳುತ್ತದೆ.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ, ಒಬ್ಬರು ಚಕ್ರದ ಬಳಿ. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಆರಂಭಿಸಿ. ‘ಒತ್ತು’ ಎಂದಾಗ ನಾಲ್ಕೈದು ಸಲ ಪಂಪ್, ‘ಹಿಡಿ’ ಎಂದಾಗ ಪೆಡಲ್ ಅದುಮಿ ಹಿಡಿಯುವುದು, ಆಗ ಬ್ಲೀಡರ್ ಸಡಿಲಿಸಿ ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಹೋಗುವುದನ್ನು ನೋಡಿ ಬಿಗಿ ಮಾಡುವುದು, ಆಮೇಲೆ ‘ಬಿಡು’. ಗುಳ್ಳೆ ನಿಲ್ಲುವವರೆಗೆ ಇದೇ ಕ್ರಮ. ನಡುವೆ ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಲು ಬಿಡಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಮಳೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಕ್ಷೇಮ. ತೆರೆದಿಟ್ಟು ಹಳತಾದ ಡಬ್ಬಿಯದ್ದನ್ನು ಬಳಸಬೇಡಿ. ಎಂಜಿನ್ ಆಯಿಲ್ ಒಂದು ತೊಟ್ಟು ಸೇರಿದರೂ ಒಳಗಿನ ರಬ್ಬರೆಲ್ಲ ಹಾಳು.

ಕೆಲಸ ಮುಗಿದ ಮೇಲೆ ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಮೂರು ನಾಲ್ಕು ಸಲ ಒತ್ತಿ ನೋಡಿ. ಮನಸ್ಸಿಗೆ ಸಮಾಧಾನವಾಗದಿದ್ದರೆ ಮೇಸ್ತ್ರಿಗೆ ತೋರಿಸದೆ ಊರಾಚೆ ಹೋಗಬೇಡಿ.

ಆಯಿಲ್ ಮತ್ತು ನೀರು

ಹಳೆಯ ಎಂಜಿನ್ನಿಗೆ 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಆಗ ಆಯಿಲ್ ಬದಲಿಸಿ. ಜೊತೆಗೆ ಫಿಲ್ಟರನ್ನೂ ಬದಲಿಸಿ. ಗ್ರೇಡ್ ಯಾವುದೆಂದು ಕೈಪಿಡಿಯಲ್ಲಿದೆ. ಗಾಡಿಯನ್ನು ಹತ್ತು ನಿಮಿಷ ಓಡಿಸಿ, ಆಯಿಲ್ ಬೆಚ್ಚಗಿರುವಾಗ ಕೆಳಗಿನ ನಟ್ಟು ಬಿಚ್ಚಿದರೆ ಕೊಳೆಯೆಲ್ಲ ಇಳಿಯುತ್ತದೆ. ಹೊಸ ಫಿಲ್ಟರಿನ ರಬ್ಬರ್ ರಿಂಗಿಗೆ ಹೊಸ ಆಯಿಲ್ ಸವರಿ, ಕೈಯಿಂದಲೇ ಬಿಗಿ ಮಾಡಿ. ಡಿಪ್ ಸ್ಟಿಕ್ಕಿನ ಮೇಲಿನ ಗೆರೆ ದಾಟಿಸಬೇಡಿ. ಇಳಿಸಿದ ಆಯಿಲನ್ನು ಚರಂಡಿಗೆ ಚೆಲ್ಲದೆ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಗೇರ್ ಬಾಕ್ಸ್ ಮತ್ತು ಹಿಂದಿನ ಹೌಸಿಂಗ್ ಎರಡಕ್ಕೂ ಬೇರೆ ಆಯಿಲ್ ಇದೆ. ಎಷ್ಟೋ ಗಾಡಿಗಳಲ್ಲಿ ಅದನ್ನು ಕೊಂಡಂದಿನಿಂದ ಯಾರೂ ನೋಡಿರುವುದಿಲ್ಲ. ತುಂಬಿದ ಹಳ್ಳವನ್ನು ದಾಟಿಸಿದ್ದರೆ ಅಲ್ಲಿಗೆ ನೀರು ಸೇರಿರಬಹುದು. ಮಳೆಗಾಲದ ಬಳಿಕ ಪರೀಕ್ಷಿಸಿ.

ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಕೂಲಿಂಗ್ ನೀರು ಒಳಗೆ ಸೇರಿದೆ, ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರ್ಥ. ಆಗ ಗಾಡಿ ಓಡಿಸಬಾರದು. ಎಳೆದೇ ಗ್ಯಾರೇಜ್ ಸೇರಿಸಬೇಕು.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ. ಅದರ ಲವಣ ಒಳಗೆ ಪದರ ಕಟ್ಟಿ ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ. ಕೂಲೆಂಟ್ ಹಾಕಿ, ಅದು ಕುದಿಯುವ ಮಟ್ಟವನ್ನು ಏರಿಸುವುದರ ಜೊತೆಗೆ ಒಳಗಿನ ತುಕ್ಕನ್ನೂ ತಡೆಯುತ್ತದೆ. ಬಿಸಿಯಿರುವಾಗ ಕ್ಯಾಪ್ ಬಿಚ್ಚಿದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಸೂಚಕದ ಮುಳ್ಳು ಕೆಂಪಿನತ್ತ ಹೋದರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತೆಸೆಯುವುದು ಹಲವರ ಅಭ್ಯಾಸ. ಅದಿಲ್ಲದಿದ್ದರೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಬೇಗ ಬಿಸಿಯೇರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

ಟೈಮಿಂಗ್ ಬೆಲ್ಟ್ ರಬ್ಬರಿನದು. ಕೈಪಿಡಿ ಹೇಳಿದ ಕಿ.ಮೀ. ಮುಟ್ಟದಿದ್ದರೂ ವಯಸ್ಸಿನಿಂದಲೇ ಸೀಳುತ್ತದೆ. ಹಳೆಯ ಗಾಡಿ ಕೊಂಡವರಿಗೆ ಅದನ್ನು ಯಾವಾಗ ಬದಲಿಸಿದ್ದು ಎಂಬುದು ಗೊತ್ತಿಲ್ಲದಿದ್ದರೆ ಮೊದಲೇ ಬದಲಿಸಿಬಿಡುವುದು ಜಾಣತನ. ಇದು ಮೇಸ್ತ್ರಿಯ ಕೆಲಸ.

ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ

ಪೆಟ್ರೋಲ್ ಎಂಜಿನ್ನಿಗೆ ಬೇಕಾದದ್ದು ಮೂರೇ: ಗಾಳಿ, ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ. ಅದಕ್ಕೂ ಮೊದಲು ಸ್ಟಾರ್ಟರ್ ತಿರುಗಬೇಕು. ಸ್ಟಾರ್ಟರ್ ಬರೀ ಟಕ್ ಎಂದರೆ ಬ್ಯಾಟರಿ ಅಥವಾ ಟರ್ಮಿನಲ್ ನೋಡಿ. ಮಲ್ಟಿಮೀಟರಿನಲ್ಲಿ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜಿದೆ; 12ಕ್ಕಿಂತ ಕೆಳಗಿದ್ದರೆ ಖಾಲಿಯಾಗಿದೆ. ಎಂಜಿನ್ ಓಡುತ್ತಿರುವಾಗ ಸುಮಾರು 13.8ರಿಂದ 14.5 ಬಂದರೆ ಆಲ್ಟರ್ನೇಟರ್ ಸರಿಯಿದೆ. ಟರ್ಮಿನಲ್ಲಿಗೆ ಹಿಡಿದ ಬಿಳಿ ಪುಡಿಯನ್ನು ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ತೆಳುವಾಗಿ ವ್ಯಾಸಲೀನ್ ಸವರಿ. ಬಾಡಿಗೆ ಸೇರುವ ಅರ್ಥ್ ವೈರಿನ ತುದಿಯನ್ನೂ ಬಿಚ್ಚಿ ಉಜ್ಜಿ. ಹಳೆಯ ಓಮ್ನಿಯ ಮಂಕು ಹೆಡ್‌ಲೈಟು, ನಿಧಾನದ ವೈಪರು ಇವುಗಳ ಮೂಲ ಎಷ್ಟೋ ಸಲ ಈ ತುಕ್ಕು ಹಿಡಿದ ಅರ್ಥೇ.

ಸ್ಟಾರ್ಟರ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಪ್ಲಗ್ ಬಿಚ್ಚಿ. ವೈರುಗಳಿಗೆ 1, 2, 3 ಎಂದು ಗುರುತು ಹಾಕಿಕೊಳ್ಳಿ, ಅದಲುಬದಲಾಗಬಾರದು. ತುದಿ ತಿಳಿ ಕಂದು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಮೊದಲು ಏರ್ ಫಿಲ್ಟರ್ ನೋಡಿ. ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ.

ಸೊರಬದ ಜುಲೈ ಬೆಳಗುಗಳಲ್ಲಿ ಕಾಣುವ ವಿಶೇಷ ತೊಂದರೆ ಒಂದಿದೆ. ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಮಾದರಿಗಳಲ್ಲಿ ಅದರ ಕ್ಯಾಪಿನೊಳಗೆ ರಾತ್ರಿಯ ತೇವ ಕೂತು ಕಿಡಿ ದಾರಿ ತಪ್ಪುತ್ತದೆ. ಕ್ಯಾಪ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ, ಒಳಗೆ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಬಿರುಕಿದ್ದರೆ ಎಷ್ಟು ಒರೆಸಿದರೂ ನಾಳೆ ಅದೇ ಪಾಡು. ಹೊಸ ಕ್ಯಾಪ್ ಹಾಕಿ.

ಇಲಿಗಳನ್ನೂ ಮರೆಯಬೇಡಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿಗಳು ಸೀಟಿನಡಿ ಸೇರಿ ವೈರು ಕಡಿಯುತ್ತವೆ. ಭತ್ತ, ಜೋಳ ಸಾಗಿಸಿದ ದಿನ ಕಾಳು ಉಳಿಯದಂತೆ ಗುಡಿಸಿ. ಕಡಿದ ವೈರನ್ನು ಬರೀ ಟೇಪು ಸುತ್ತಿ ಬಿಡದೆ, ಬೆಸುಗೆ ಹಾಕಿ ಸ್ಲೀವ್ ಹಾಕಿಸಿ. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವುದು ಬೆಂಕಿಗೆ ಕರೆ ಕೊಟ್ಟಂತೆ. ಅದೇ ಆಂಪಿಯರಿನ ಫ್ಯೂಸನ್ನೇ ಹಾಕಿ.

ಪೆಟ್ರೋಲಿನಲ್ಲಿ ಎಥೆನಾಲ್, ಡಿಕ್ಕಿಯಲ್ಲಿ ಗ್ಯಾಸ್

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಹಳೆಯ ಓಮ್ನಿಯ ರಬ್ಬರ್ ಪೈಪು, ಕಾರ್ಬ್ಯುರೇಟರಿನ ವಾಷರ್, ಪಂಪಿನ ಡಯಾಫ್ರಂ ಇವೆಲ್ಲ ಅದಕ್ಕಾಗಿ ಮಾಡಿದವಲ್ಲ. ಕಾಲಕ್ರಮೇಣ ಊದಿ ಬಿರುಕು ಬಿಡಬಹುದು. ಎಥೆನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಪೈಪುಗಳನ್ನು ಬದಲಿಸುವಾಗ ಎಥೆನಾಲ್ ತಡೆಯುವ ಪೈಪನ್ನೇ ಕೇಳಿ ತನ್ನಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ.

ಪೆಟ್ರೋಲ್ ದುಬಾರಿಯೆಂದು ಅಡುಗೆಮನೆಯ ಸಿಲಿಂಡರಿನಿಂದ ಗ್ಯಾಸ್ ತುಂಬಿಸಿ ಓಡಿಸುವುದು ಕಾನೂನಿಗೆ ವಿರುದ್ಧ, ಜೀವಕ್ಕೆ ಅಪಾಯ. ಅಧಿಕೃತ ಎಲ್‌ಪಿಜಿ ಕಿಟ್ ಇರುವ ಗಾಡಿಯಾದರೆ ಅದು ಆರ್‌ಸಿ ಪುಸ್ತಕದಲ್ಲಿ ನಮೂದಾಗಿರಬೇಕು, ಟ್ಯಾಂಕಿನ ಪರೀಕ್ಷೆಯ ಅವಧಿ ಮೀರಿರಬಾರದು. ಗ್ಯಾಸಿನ ಜೋಡಣೆಗೆ ಮನೆಯಲ್ಲಿ ಪಾನಾ ಹಾಕಲೇಬೇಡಿ. ಮುಂದಿನ ಸೀಟಿನ ಕೈಗೆಟಕುವ ಕಡೆ ಒಂದು ಚಿಕ್ಕ ಅಗ್ನಿಶಾಮಕ ಇಟ್ಟುಕೊಳ್ಳಿ.

ಚಕ್ರ, ಕಮಾನು, ಕ್ಲಚ್ಚು

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ಉಳಿದಿದ್ದರೂ ಆರೇಳು ವರ್ಷ ದಾಟಿದ ಟೈರಿನ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಹಲ್ಲು 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಓಮ್ನಿ ಎತ್ತರದ, ಅಗಲ ಕಡಿಮೆಯ ಗಾಡಿ. ಗಾಳಿ ವ್ಯತ್ಯಾಸವಾದರೆ, ಮೂಟೆಗಳನ್ನು ಮೇಲಕ್ಕೆ ಪೇರಿಸಿದರೆ ತಿರುವಿನಲ್ಲಿ ವಾಲುತ್ತದೆ. ಭಾರ ಯಾವಾಗಲೂ ತಳದಲ್ಲಿರಲಿ.

ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ; ಆಟವಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಬಲಕ್ಕೆ ಆಟವಿದ್ದರೆ ಸ್ಟೀರಿಂಗಿನ ರಾಡ್ ತುದಿ. ಕಮಾನು ಪಟ್ಟಿಗಳಲ್ಲಿ ಸೀಳು ಇದೆಯೇ, ಯು ಬೋಲ್ಟ್ ಸಡಿಲವಾಗಿದೆಯೇ ನೋಡಿ. ಗೇರ್ ಬದಲಿಸುವಾಗ ಅಡಿಯಲ್ಲಿ ಟಕ್ ಎಂದು ಸದ್ದು ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದೆ. ಕ್ಲಚ್ ಪೆಡಲಿಗೆ ಸ್ವಲ್ಪ ಸಡಿಲ ಇರಲೇಬೇಕು; ಕೇಬಲಿನ ತುದಿಯ ನಟ್ಟಿನಲ್ಲಿ ಅದನ್ನು ಮನೆಯಲ್ಲೇ ಸರಿಮಾಡಬಹುದು. ಕೇಬಲಿನ ಎಳೆ ಬಿಚ್ಚಿಕೊಂಡಿದ್ದರೆ ಹೊಸದು ಹಾಕಿ, ಒಂದು ಬದಲಿ ಕೇಬಲನ್ನು ಗಾಡಿಯಲ್ಲೇ ಇಟ್ಟಿರಿ.

ಯಾವುದು ಮೇಸ್ತ್ರಿಗೆ, ಯಾವುದು ಮನೆಗೆ

ಆಯಿಲ್, ಫಿಲ್ಟರ್, ಪ್ಲಗ್, ಬ್ಯಾಟರಿ, ಬಲ್ಬು, ವೈಪರ್, ರೋಲರ್, ಮೇಲ್ಮೈ ತುಕ್ಕು, ಬ್ರೇಕ್ ತಪಾಸಣೆ ಇವು ಮನೆಯವು. ಹೆಡ್ ಇಳಿಸುವುದು, ಟೈಮಿಂಗ್ ಬೆಲ್ಟ್, ಗೇರ್ ಬಾಕ್ಸ್, ಸ್ಟೀರಿಂಗ್, ತೊಲೆಗಳ ವೆಲ್ಡಿಂಗ್, ಗ್ಯಾಸ್ ಇವು ಕೈಪಳಗಿದವರವು. ವೆಲ್ಡಿಂಗ್ ಮಾಡಿಸುವಾಗ ಹತ್ತಿರದ ಪೆಟ್ರೋಲ್ ಪೈಪು, ಸೀಟು, ಮ್ಯಾಟು ತೆಗೆಸಿ, ಪಕ್ಕದಲ್ಲಿ ನೀರು ಮತ್ತು ಮರಳು ಇಡಿಸಿ.

ಬಿಡಿಭಾಗ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಕಾರ್ಬ್ಯುರೇಟರ್ ಮಾದರಿಗೂ ನಂತರದ ಎಂಪಿಐ ಮಾದರಿಗೂ ಎಷ್ಟೋ ಭಾಗ ಬೇರೆ. ಬ್ರೇಕು, ಸ್ಟೀರಿಂಗು, ಬೆಲ್ಟು ಈ ಮೂರಕ್ಕೆ ಕಂಪನಿಯದ್ದನ್ನೇ ಹಾಕಿ. ಬಾಗಿಲು, ಸೀಟು, ಗಾಜು ಗುಜರಿಯಿಂದ ತಂದರೂ ನಡೆಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್ ಪುಸ್ತಕ ಇಟ್ಟು ಯಾವ ದಿನ, ಎಷ್ಟು ಕಿ.ಮೀ.ಗೆ, ಏನು ಬದಲಿಸಿದಿರಿ ಎಂದು ಬರೆಯಿರಿ. ಹಳೆಯ ಗಾಡಿಯ ರೋಗ ಪತ್ತೆಹಚ್ಚಲು ಮೇಸ್ತ್ರಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ.

ಕಾಗದಪತ್ರ, ಕೊನೆಯ ತೀರ್ಮಾನ

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು; ಜನ ಇದನ್ನೇ ಎಫ್‌ಸಿ ಎನ್ನುತ್ತಾರೆ. 2022ರ ಏಪ್ರಿಲ್‌ನಿಂದ ಕಾರು, ವ್ಯಾನುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವುಗಳಿಗೆ 10,000 ರೂಪಾಯಿ ನಿಗದಿಯಾಯಿತು. ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ ಇದರ ಜೊತೆಗೆ. ಆದ್ದರಿಂದ ಎಫ್‌ಸಿಗೆ ಆರು ತಿಂಗಳು ಇರುವಾಗಲೇ ಲೆಕ್ಕ ಹಾಕಿ: ಗಾಡಿ ಇನ್ನೈದು ವರ್ಷ ಬಾಳುವಂತಿದೆಯೇ?

ಅದಕ್ಕೆ ಅಳತೆಗೋಲು ಎಂಜಿನ್ ಅಲ್ಲ. ಎಂಜಿನ್ ಬಿಚ್ಚಿ ಕಟ್ಟಬಹುದು, ಬ್ರೇಕು ಹೊಸದು ಹಾಕಬಹುದು, ಬಣ್ಣ ಬಳಿಸಬಹುದು. ಅಡಿಯ ಉದ್ದ ತೊಲೆಗಳು ಮತ್ತು ಕಮಾನು ಪಟ್ಟಿಯ ಬ್ರಾಕೆಟ್ಟುಗಳು ಗಟ್ಟಿಯಿದ್ದರೆ ಖರ್ಚು ಮಾಡಿ, ಗಾಡಿ ಉಳಿಸಿಕೊಳ್ಳಿ. ಅವೇ ಸ್ಕ್ರೂ ಡ್ರೈವರ್ ಚುಚ್ಚಿದರೆ ಒಳಗೆ ಇಳಿಯುವಷ್ಟು ಕೊಳೆತಿದ್ದರೆ, ತೇಪೆ ಹಾಕಿ ಮಕ್ಕಳನ್ನು ಕೂರಿಸಿಕೊಂಡು ಓಡಿಸಬೇಡಿ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು, ಪ್ರಮಾಣಪತ್ರ ಪಡೆದು, ಆರ್‌ಸಿ ರದ್ದು ಮಾಡಿಸಿ. ಆ ಸ್ಥಿತಿ ಬಾರದಿರಬೇಕಾದರೆ ಈ ಮೇ ತಿಂಗಳಲ್ಲೇ, ಮಳೆ ಬರುವ ಮುನ್ನ, ಗಾಡಿಯ ಅಡಿಭಾಗ ತೊಳೆದು ಬ್ರೇಕ್ ಡ್ರಮ್ ಬಿಚ್ಚಿ ನೋಡಿ.